ನಿವಟಿಯ ಉಸಿರು

ಧಾರವಾಡದಿಂದ ಬಂದಿದ್ದ ಸೋದರತ್ತೆಯನ್ನು ಐರೋಲಿಗೆ, ಠಾಣೆ ಖಾಡಿಯ ದಂಡೆಗೆ ಕರೆದೊಯ್ದಿದ್ದೆ. ಹೋದದ್ದು ಫ್ಲೆಮಿಂಗೋ ನೋಡಲು. ಇಳಿತದ ಹೊತ್ತು, ಕಂಡದ್ದು ಬರೀ ಕೆಸರು. ಅದರ ಮೇಲೆ ಬೆರಳುದ್ದದ ಮೀನುಗಳು ಕುಪ್ಪಳಿಸುತ್ತಿದ್ದವು. "ಅಲ್ಲೋ, ನೀರು ಬಿಟ್ಟ ಮೀನ ಸಾಯಬೇಕಲ್ಲ, ಇದ್ಯಾಕ ಕುಣೀತದ?" ಎಂದರು ಅತ್ತೆ. ಬಿ.ಎಸ್ಸಿ. ಓದುವ ನಾನು ತಬ್ಬಿಬ್ಬು! ಡೊಂಬಿವಲಿಗೆ ವಾಪಸಾದ ಮೇಲೆ ಪುಸ್ತಕ ತೆಗೆದೆ.

ಇಲ್ಲಿಯ ಕೋಳಿಗಳು (ಹಕ್ಕಿಯಲ್ಲ ಮಾರಾಯರೆ, ಬೆಸ್ತರು) ಇದನ್ನು ನಿವಟಿ ಅನ್ನುತ್ತಾರೆ.

ಉಸಿರಾಟಕ್ಕೆ ಮುಖ್ಯವಾಗಿ ಬೇಕಾದದ್ದು ತೆಳ್ಳಗಿನ, ಒದ್ದೆಯಾದ ಒಂದು ಪೊರೆ. ಆಚೆ ಗಾಳಿಯೋ ನೀರೋ, ಈಚೆ ರಕ್ತ. ಆಮ್ಲಜನಕ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾನಾಗಿ ನುಸುಳುತ್ತದೆ; ಇಂಗಾಲದ ಡೈಆಕ್ಸೈಡು ಈಚೆಯಿಂದ ಆಚೆಗೆ. ಎರೆಹುಳುವಿಗೆ ಚರ್ಮವೇ ಆ ಪೊರೆ. ಜಿರಲೆಗೆ ರಕ್ತದ ಹಂಗೂ ಇಲ್ಲ, ಮೈಯೆಲ್ಲ ಗಾಳಿಕೊಳವೆ. ನಮಗೆ ಶ್ವಾಸಕೋಶ (ಡೊಂಬಿವಲಿ ಫಾಸ್ಟಿನಲ್ಲಿ ನಿಂತವರಿಗೆ ಅದು ಇರುವುದು ಚೆನ್ನಾಗಿಯೇ ಗೊತ್ತು!).

ಮೀನಿಗೆ ಕಿವಿರು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದ್ದರೆ, ಬೆಚ್ಚಗಿನ ಉಪ್ಪುನೀರಿನಲ್ಲಿ 5ರ ಆಸುಪಾಸು. ಆದರೂ ಮೀನು ಗಾಳಿಯಲ್ಲಿ ಸಾಯುತ್ತದೆ! ನೀರಿನ ಆಸರೆ ತಪ್ಪಿದರೆ ಕಿವಿರಿನ ಎಳೆಗಳು ಒದ್ದೆ ಕೂದಲಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಪೊರೆಯ ಹರವೇ ಕುಗ್ಗಿಬಿಡುತ್ತದೆ. ಊಟವಿದೆ, ಬಾಯಿಲ್ಲ.

ನಿವಟಿ ಇದಕ್ಕೆ ಬೇರೆ ದಾರಿ ಕಂಡುಕೊಂಡಿದೆ. ಅದರ ಚರ್ಮದಲ್ಲಿ, ಬಾಯಿಯ ಒಳಪೊರೆಯಲ್ಲಿ ಸಣ್ಣ ರಕ್ತನಾಳಗಳು ತೀರ ಮೇಲಕ್ಕೇ ಇವೆ. ಒದ್ದೆಯಿರುವಷ್ಟು ಹೊತ್ತು ಅವುಗಳಿಂದಲೇ ಉಸಿರು. ಕೆಸರಿನಲ್ಲಿ ಹೊರಳುವುದು ಮೈ ಒಣಗದಿರಲೆಂದು. ಬಿಲದೊಳಗಿನ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಇದರ ಬಳಗದ ಕೆಲವು ಜಾತಿಗಳು ಬಾಯಿತುಂಬ ಗಾಳಿ ಹೊತ್ತೊಯ್ದು ಮೊಟ್ಟೆಯಿಟ್ಟ ಗೂಡಿನಲ್ಲಿ ತುಂಬಿಸುತ್ತವೆ. ಇದನ್ನೋದಿ ನಾನು ಪುಸ್ತಕ ಮಡಚಿ ಸುಮ್ಮನೆ ಕೂತೆ.

ಅತ್ತೆಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಹಂಗಾರ ಗಟಾರದ ನೀರಿಗೆ ಹೆದರಿ ಮ್ಯಾಲ ಬಂದದೇನು?" ಎಂದರು. ಅಲ್ಲ, ಇದು ಬಹಳ ಹಳೆಯ ಅಭ್ಯಾಸ. ಆದರೆ ಪ್ರಶ್ನೆ ದಡ್ಡತನದ್ದೇನಲ್ಲ. ಹೊಲಸು ಖಾಡಿಗೆ ಸೇರಿದಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೇ ತಿಂದುಹಾಕುತ್ತವೆ. ಖಾಡಿಗೆ 2022ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿದೆ. ಬ್ಯಾಕ್ಟೀರಿಯಾಕ್ಕೆ ಅದು ಗೊತ್ತಿಲ್ಲ.

"ಮತ್ತ ನೀರೊಳಗ ಇರೋ ಮೀನ ಏನ್ ಮಾಡಬೇಕು?"

ಅದೇ ಖಾಡಿಯ ಬೋಯಿಗೆ, ಜಿತಾಡಾಕ್ಕೆ ಕೆಸರಿನ ಮೇಲೆ ಕೂರುವ ವಿದ್ಯೆ ಬಾರದು. ಉಸಿರು ಸಾಲದ ಮೀನು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ತೆರೆಯುತ್ತದೆ. ಗಾಳಿ ತಾಗುವ ಆ ತೆಳು ಪದರದಲ್ಲಷ್ಟೇ ಕೊಂಚ ಆಮ್ಲಜನಕ ಉಳಿದಿರುತ್ತದೆ. ದಂಡೆಯಲ್ಲಿ ನಿಂತವರಿಗೆ ಅದು ಮೀನಿನ ಆಟದ ಹಾಗೆ ಕಾಣುತ್ತದೆ.