ವೈದ್ಯರ ಮಂಡಳಿಯಲ್ಲಿ ರೋಗಿಗೊಂದು ಕುರ್ಚಿ

ಇಪ್ಪತ್ತನೇ ಶತಮಾನದ ಆರಂಭದ ಲಂಡನ್ನಿನಲ್ಲಿ ಹರ್ಬರ್ಟ್ ಬಾರ್ಕರ್ ಎಂಬ ಮೂಳೆ ಕೂರಿಸುವವನಿದ್ದ. ವೈದ್ಯಕೀಯ ಪದವಿ ಇರಲಿಲ್ಲ, ಕೈಗುಣ ಇತ್ತು. ದೊಡ್ಡ ಆಸ್ಪತ್ರೆಗಳಲ್ಲಿ ಗುಣವಾಗದ ಮಂಡಿನೋವನ್ನು ಅವನು ವಾಸಿ ಮಾಡುತ್ತಾನೆಂದು ಜನ ನಂಬಿದ್ದರು. ಕೀಲು ಕೂರಿಸುವಾಗ ರೋಗಿ ನರಳಬಾರದೆಂದು ಡಾ. ಫ್ರೆಡರಿಕ್ ಆಕ್ಸ್‌ಹ್ಯಾಮ್ ಎಂಬ ನೋಂದಾಯಿತ ವೈದ್ಯರು ಅರಿವಳಿಕೆ ಕೊಡುತ್ತಿದ್ದರು. ಅವರ ಮೇಲೆ ಬಂದ ಆರೋಪ ಇಷ್ಟೇ. ಪದವಿಯಿಲ್ಲದವನಿಗೆ ನೆರವಾದದ್ದು ವೃತ್ತಿಗೆ ಕಳಂಕವೆಂದು 1911ರಲ್ಲಿ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ನೋಂದಣಿ ಪುಸ್ತಕದಿಂದ ಅವರ ಹೆಸರನ್ನೇ ತೆಗೆದುಹಾಕಿತು. 1922ರಲ್ಲಿ ಬಾರ್ಕರ್‌ಗೆ ‘ಸರ್’ ಪದವಿ ಸಿಕ್ಕಿತು. ಆಕ್ಸ್‌ಹ್ಯಾಮ್‌ಗೆ ನ್ಯಾಯ ಕೊಡಿ ಎಂಬ ಕೂಗು ಎಷ್ಟೇ ಎದ್ದರೂ ಕೌನ್ಸಿಲ್ ಜಗ್ಗಲಿಲ್ಲ. 1926ರಲ್ಲಿ ಆ ವೃದ್ಧ ವೈದ್ಯರು ತೀರಿಕೊಂಡಾಗಲೂ ಅವರ ಹೆಸರು ಪುಸ್ತಕದ ಹೊರಗೇ ಇತ್ತು.

ಆ ತೀರ್ಪು ಕೊಟ್ಟ ಮೇಜಿನ ಸುತ್ತ ಕೂತಿದ್ದವರೆಲ್ಲರೂ ವೈದ್ಯರೇ. ಕೌನ್ಸಿಲ್ ಹುಟ್ಟಿದ್ದು 1858ರ ಕಾಯ್ದೆಯಿಂದ. ನಿಜವಾದ ವೈದ್ಯ ಯಾರು, ನಕಲಿ ಯಾರು ಎಂದು ಜನರಿಗೆ ತಿಳಿಯಲು ಒಂದು ನೋಂದಣಿ ಪುಸ್ತಕ ಬೇಕಿತ್ತು. ಅದನ್ನು ಕಾಯಲು ಒಂದು ಮಂಡಳಿ ಬೇಕಿತ್ತು. 24 ಜನರ ಆ ಮಂಡಳಿಗೆ ವಿಶ್ವವಿದ್ಯಾಲಯಗಳೂ ರಾಯಲ್ ಕಾಲೇಜುಗಳೂ ತಮ್ಮವರನ್ನು ಕಳಿಸಿದವು, ರಾಣಿಯ ಸರ್ಕಾರ ಆರು ಜನರನ್ನು ನೇಮಿಸಿತು. ಸರ್ಜನ್ ಬೆಂಜಮಿನ್ ಬ್ರೋಡಿ ಮೊದಲ ಅಧ್ಯಕ್ಷರಾದರು. ವೈದ್ಯನ ತಪ್ಪೊಪ್ಪು ಅಳೆಯಲು ವೈದ್ಯನಿಗೆ ಮಾತ್ರ ಗೊತ್ತು ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿತ್ತು. ರೋಗಿಯ ಕಡೆಯಿಂದ ಯಾರಾದರೂ ಅಲ್ಲಿರಬೇಕೆಂದು ಅರವತ್ತೆಂಟು ವರ್ಷ ಯಾರೂ ಏರ್ಪಾಡು ಮಾಡಲಿಲ್ಲ. ಆಕ್ಸ್‌ಹ್ಯಾಮ್ ತೀರಿಕೊಂಡ 1926ರಲ್ಲೇ ಎಡ್ವರ್ಡ್ ಹಿಲ್ಟನ್ ಯಂಗ್ ಎಂಬ ರಾಜಕಾರಣಿ ಕೌನ್ಸಿಲ್‌ನ ಮೊದಲ ವೈದ್ಯೇತರ ಸದಸ್ಯರಾಗಿ ಬಂದರು. ಅಷ್ಟೊಂದು ವೈದ್ಯರ ನಡುವೆ ಹೊರಗಿನವರು ಒಬ್ಬರೇ!

ಈ ಲಂಡನ್ ಮಂಡಳಿಯ ಕಥೆ ನಮಗೇಕೆ ಬೇಕು ಎಂದರೆ, ಭಾರತದ ವೈದ್ಯಕೀಯ ಮಂಡಳಿ ಹುಟ್ಟಿದ್ದೇ ಅದರೊಂದಿಗಿನ ಜಗಳದಲ್ಲಿ. 1892ರಿಂದ ಭಾರತದ ವೈದ್ಯಕೀಯ ಪದವಿಗಳಿಗೆ ಅಲ್ಲಿ ಮಾನ್ಯತೆಯಿತ್ತು. ಮೊದಲ ಮಹಾಯುದ್ಧದ ನಂತರ, ನಿಮ್ಮ ಕಾಲೇಜುಗಳಲ್ಲಿ ಹೆರಿಗೆ ಮಾಡಿಸುವ ತರಬೇತಿ ಸಾಲದು ಎಂದು ಕೌನ್ಸಿಲ್ ತಕರಾರು ತೆಗೆಯಿತು. ನಾವು ಒಪ್ಪುವ ತಪಾಸಣಾಧಿಕಾರಿ ಬಂದು ನೋಡಬೇಕು ಎಂದಿತು. ಇಲ್ಲಿನ ಶಾಸನಸಭೆಗೂ ವೈದ್ಯರಿಗೂ ಅದು ಅವಮಾನವಾಗಿ ಕಂಡಿತು. 1930ರಲ್ಲಿ ಕೌನ್ಸಿಲ್ ಭಾರತೀಯ ಪದವಿಗಳ ಮಾನ್ಯತೆಯನ್ನೇ ನಿಲ್ಲಿಸಿತು. ನಮ್ಮ ಕಾಲೇಜುಗಳ ಮಟ್ಟವನ್ನು ನಾವೇ ಅಳೆದುಕೊಳ್ಳುತ್ತೇವೆ ಎಂಬ ಹಟಕ್ಕೆ ಉತ್ತರವಾಗಿ ಬಂದದ್ದು 1933ರ ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆ.

ಸ್ವಾಭಿಮಾನದಿಂದ ಹುಟ್ಟಿದ ಆ ಕಾಯ್ದೆಯಲ್ಲೂ ಒಂದು ಗೋಡೆಯಿತ್ತು. ವಿಶ್ವವಿದ್ಯಾಲಯದ ಪದವೀಧರರಿಗೆ ಮಾತ್ರ ಅದರಲ್ಲಿ ಜಾಗ. ನಮ್ಮ ಹಿರಿಯರು ಇಂದಿಗೂ ನೆನೆಯುವ ‘ಎಲ್‌ಎಂಪಿ ಡಾಕ್ಟರು’, ಅಂದರೆ ಡಿಪ್ಲೊಮಾ ಓದಿ ಹಳ್ಳಿ ಹೋಬಳಿಗಳಲ್ಲಿ ಮಿಕ್ಸ್ಚರ್ ಕೊಟ್ಟು ಇಂಜೆಕ್ಷನ್ ಚುಚ್ಚಿ ಜನರ ಜೀವ ಉಳಿಸಿದವರು, ಹೊರಗೇ ಉಳಿದರು. ಸ್ವಾತಂತ್ರ್ಯದ ನಂತರ 1956ರ ಕಾಯ್ದೆ ಬಂದಾಗ ಅವರಿಗೆಂದು ಏಳು ಸ್ಥಾನಗಳನ್ನು ಕೊಟ್ಟು ಆ ತಪ್ಪನ್ನು ಸ್ವಲ್ಪ ಸರಿಪಡಿಸಲಾಯಿತು.

1956ರ ಮಂಡಳಿಯೇ ನಾವೆಲ್ಲ ಎಂಸಿಐ ಎಂದು ಬಲ್ಲ ಸಂಸ್ಥೆ. ಅದರ ರಚನೆಯನ್ನು ಈಗ ಓದಿದರೆ ಹೊಸ ಗಣರಾಜ್ಯದ ಉತ್ಸಾಹವೇ ಕಾಣುತ್ತದೆ. ಪ್ರತಿ ರಾಜ್ಯದಿಂದ ಒಬ್ಬ ನಾಮನಿರ್ದೇಶಿತ ಸದಸ್ಯ, ಪ್ರತಿ ವಿಶ್ವವಿದ್ಯಾಲಯದ ವೈದ್ಯಕೀಯ ನಿಕಾಯದಿಂದ ಆರಿಸಿ ಬಂದ ಒಬ್ಬ, ಪ್ರತಿ ರಾಜ್ಯದ ನೋಂದಾಯಿತ ವೈದ್ಯರು ಮತ ಹಾಕಿ ಕಳಿಸಿದ ಒಬ್ಬ, ಕೇಂದ್ರ ಸರ್ಕಾರದ ಎಂಟು ಜನ. ಅಧ್ಯಕ್ಷರನ್ನು ಸದಸ್ಯರೇ ಆರಿಸಿಕೊಳ್ಳಬೇಕು. ವೈದ್ಯ ವೃತ್ತಿ ತನ್ನನ್ನು ತಾನೇ ಆಳಿಕೊಳ್ಳುವ ಒಂದು ಪುಟ್ಟ ಪ್ರಜಾಪ್ರಭುತ್ವ ಅದು. ಆದರೆ ವಿಶ್ವವಿದ್ಯಾಲಯಕ್ಕೊಂದು ಕುರ್ಚಿ ಎಂದ ಮೇಲೆ ವಿಶ್ವವಿದ್ಯಾಲಯ ಹೆಚ್ಚಿದಂತೆ ಕುರ್ಚಿಯೂ ಹೆಚ್ಚುತ್ತದೆ. ಮಂಡಳಿ ನೂರರ ಗಡಿ ದಾಟಿತು. ಆ ಮತದಾರರ ಪಟ್ಟಿಯಲ್ಲಿ ರೋಗಿ ಇರಲಿಲ್ಲ.

ಅಷ್ಟರಲ್ಲಿ ವೈದ್ಯಕೀಯ ಸೀಟಿಗೆ ಬೆಲೆ ಬಂದಿತ್ತು. ಇದನ್ನು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. 1953ರಲ್ಲಿ ಮಣಿಪಾಲದಲ್ಲಿ ಶುರುವಾದ ಖಾಸಗಿ ವೈದ್ಯಕೀಯ ಶಿಕ್ಷಣ 80ರ ದಶಕದ ಹೊತ್ತಿಗೆ ಊರೂರಿಗೆ ಹಬ್ಬಿ, ‘ಡೊನೇಷನ್’ ಎಂಬುದು ಮನೆಮಾತಾಗಿತ್ತು. 1984ರಲ್ಲಿ ರಾಜ್ಯ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾಯ್ದೆ ಮಾಡಬೇಕಾಯಿತು. ಹೊರರಾಜ್ಯದ ವಿದ್ಯಾರ್ಥಿಗಳಿಂದ ವರ್ಷಕ್ಕೆ 60,000 ರೂಪಾಯಿ ಪಡೆಯಲು ಅವಕಾಶ ಕೊಟ್ಟಿದ್ದ ರಾಜ್ಯದ ಅಧಿಸೂಚನೆ ತುಮಕೂರಿನ ಕಾಲೇಜೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದೇ 1992ರ ಮೋಹಿನಿ ಜೈನ್ ತೀರ್ಪು. ಮರುವರ್ಷ 1956ರ ಕಾಯ್ದೆಗೆ 10ಎ ಕಲಮು ಸೇರಿತು. ಹೊಸ ಕಾಲೇಜು ತೆರೆಯಬೇಕಾದರೆ, ಸೀಟು ಹೆಚ್ಚಿಸಬೇಕಾದರೆ ಕೇಂದ್ರದ ಅನುಮತಿ ಬೇಕು. ಅನುಮತಿಗೆ ಎಂಸಿಐ ಶಿಫಾರಸು ಬೇಕು. ಕಂಡಕಂಡಲ್ಲಿ ಕಾಲೇಜು ಏಳುವುದನ್ನು ತಡೆಯುವುದೇ ಉದ್ದೇಶ. ಆದರೆ ಕೋಟ್ಯಂತರ ರೂಪಾಯಿಯ ಕಾಲೇಜಿನ ಭವಿಷ್ಯ ತಪಾಸಣಾ ವರದಿಯೊಂದರ ಮೇಲೆ ನಿಂತಾಗ ಆ ವರದಿ ಬರೆಯುವ ಮಂಡಳಿಗೆ ಯಾರು ಆಯ್ಕೆಯಾಗಿ ಬರಲು ಬಯಸುತ್ತಾರೆ ಎಂಬುದೇ ಬದಲಾಗಿಬಿಡುತ್ತದೆ. ಎಂಸಿಐ ಕೆಟ್ಟ ಕಥೆಯನ್ನು ಒಬ್ಬಿಬ್ಬರ ದುರಾಸೆಯ ಕಥೆಯಾಗಿ ಹೇಳುವುದು ರೂಢಿ. ನನಗೆ ಅದು ರಚನೆಯ ದೋಷವಾಗಿಯೇ ಕಾಣುತ್ತದೆ. ಕಾಲೇಜಿಗೆ ಅನುಮತಿ ಕೊಡುವುದು, ಪಠ್ಯಕ್ರಮ ಬರೆಯುವುದು, ನೋಂದಣಿ ಇಡುವುದು, ವೈದ್ಯರ ನಡತೆ ವಿಚಾರಿಸುವುದು ಎಲ್ಲವೂ ಒಂದೇ ಕೈಯಲ್ಲಿತ್ತು. ಆ ಕೈಯನ್ನು ಹಿಡಿದು ಕೇಳುವ ಹೊರಗಿನವರು ಯಾರೂ ಒಳಗಿರಲಿಲ್ಲ.

2010ರ ಏಪ್ರಿಲ್‌ನಲ್ಲಿ ಲಂಚದ ಆರೋಪದ ಮೇಲೆ ಸಿಬಿಐ ಮಂಡಳಿಯ ಅಧ್ಯಕ್ಷರನ್ನೇ ಬಂಧಿಸಿತು. ಮುಂದಿನ ತಿಂಗಳೇ ಸುಗ್ರೀವಾಜ್ಞೆ ಹೊರಡಿಸಿ ಕೇಂದ್ರ ಸರ್ಕಾರ ಎಂಸಿಐಯನ್ನು ಬರಖಾಸ್ತು ಮಾಡಿ, ನೇಮಕಗೊಂಡ ಆಡಳಿತ ಮಂಡಳಿಯನ್ನು ಕೂರಿಸಿತು. ಕೆಲ ವರ್ಷಗಳಲ್ಲಿ ಚುನಾಯಿತ ಮಂಡಳಿ ಮತ್ತೆ ಬಂತು. 2016ರ ಮಾರ್ಚ್‌ನಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ತನ್ನ 92ನೇ ವರದಿಯಲ್ಲಿ, ವೈದ್ಯರೇ ವೈದ್ಯರನ್ನು ಆರಿಸಿ ನಿಯಂತ್ರಣಕ್ಕೆ ಕೂರಿಸುವ ಪದ್ಧತಿ ಸೋತಿದೆ, ಇದನ್ನು ಬುಡಸಮೇತ ಬದಲಿಸಬೇಕು ಎಂದಿತು. ಎರಡು ತಿಂಗಳಿಗೆ ಸುಪ್ರೀಂ ಕೋರ್ಟ್ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿಯನ್ನು ಎಂಸಿಐ ಮೇಲೆ ಕಣ್ಣಿಡಲು ನೇಮಿಸಿತು.

ಇದೇ ಪ್ರಶ್ನೆಯನ್ನು ಬ್ರಿಟನ್ ತುಸು ಮೊದಲೇ ಎದುರಿಸಿತ್ತು, ತುಂಬ ದೊಡ್ಡ ಬೆಲೆ ತೆತ್ತು. ಅಲ್ಲಿ 1970ರ ಸುಮಾರಿಗೆ ಕೌನ್ಸಿಲ್ ವಾರ್ಷಿಕ ಶುಲ್ಕ ಕೇಳಿದಾಗ, ನಮ್ಮ ಪ್ರತಿನಿಧಿಗಳು ತೀರ ಕಡಿಮೆಯಿರುವ ಮಂಡಳಿಗೆ ಹಣವೇಕೆ ಕೊಡಬೇಕೆಂದು ವೈದ್ಯರು ಬಂಡೆದ್ದರು. ಮೆರಿಸನ್ ಸಮಿತಿ ಕೂತಿತು. 1978ರ ಕಾಯ್ದೆ ಚುನಾಯಿತ ವೈದ್ಯರಿಗೆ ಬಹುಮತ ಕೊಟ್ಟಿತು. ಮಂಡಳಿ ಬೆಳೆಯುತ್ತ 104 ಜನರವರೆಗೆ ಹೋಯಿತು.

ಆಮೇಲೆ ಹೆರಾಲ್ಡ್ ಶಿಪ್‌ಮನ್ ಪ್ರಕರಣ ಬಂತು. ಮ್ಯಾಂಚೆಸ್ಟರ್ ಬಳಿಯ ಹೈಡ್ ಪಟ್ಟಣದ ಈ ಕುಟುಂಬ ವೈದ್ಯ, ನಂಬಿ ಬಂದ ವೃದ್ಧರಿಗೆ ಡಯಾಮಾರ್ಫಿನ್ ಚುಚ್ಚಿ ಕೊಲ್ಲುತ್ತಿದ್ದ. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು. ನ್ಯಾಯಮೂರ್ತಿ ಜಾನೆಟ್ ಸ್ಮಿತ್ ಅವರ ವಿಚಾರಣಾ ಆಯೋಗ ಬಲಿಯಾದವರ ಸಂಖ್ಯೆ ಕನಿಷ್ಠ 215 ಎಂದು ಕಂಡುಕೊಂಡಿತು. ಮನಸ್ಸು ಕಲಕುವ ಇನ್ನೊಂದು ಸಂಗತಿ ಕಡತದಲ್ಲಿತ್ತು. ಶಿಪ್‌ಮನ್ 1976ರಲ್ಲೇ ಪೆಥಿಡಿನ್ ಮದ್ದಿನ ಚಟಕ್ಕೆ ಬಿದ್ದು, ಸುಳ್ಳು ಚೀಟಿ ಬರೆದು ನ್ಯಾಯಾಲಯದಲ್ಲಿ ತಪ್ಪಿತಸ್ಥನಾಗಿದ್ದ. ವಿಷಯ ಕೌನ್ಸಿಲ್‌ಗೆ ಹೋಗಿತ್ತು. ಕೌನ್ಸಿಲ್ ಒಂದು ಎಚ್ಚರಿಕೆಯ ಪತ್ರ ಕಳಿಸಿ ಕೈತೊಳೆದುಕೊಂಡಿತು. ಅವನು ಮತ್ತೆ ಸ್ಟೆತಸ್ಕೋಪ್ ಹಾಕಿಕೊಂಡು ರೋಗಿಗಳ ಮನೆಗೆ ಹೋದ.

2004ರ ಡಿಸೆಂಬರ್‌ನಲ್ಲಿ ಬಂದ ಸ್ಮಿತ್ ಆಯೋಗದ ಐದನೇ ವರದಿ ನೇರವಾಗಿ ಕುರ್ಚಿಗಳ ಲೆಕ್ಕಕ್ಕೇ ಕೈಹಾಕಿತು. ವೈದ್ಯರ ಮತ ಪಡೆದು ಬಂದವರು ಆ ವೈದ್ಯರ ಹಿತ ಕಾಯಬೇಕೆಂಬ ಭಾವನೆಯಿಂದ ಪಾರಾಗುವುದು ಕಷ್ಟ. ರೋಗಿಗಳ ರಕ್ಷಣೆಗಿಂತ ವೈದ್ಯರ ಹಿತವೇ ಕೌನ್ಸಿಲ್‌ನಲ್ಲಿ ಮೇಲಾಗಿತ್ತು ಎಂಬುದು ಅದರ ಸಾರ. 2009ರಲ್ಲಿ ಕೌನ್ಸಿಲ್‌ಗೆ ಚುನಾವಣೆಯೇ ನಿಂತಿತು. 24 ಜನ, ಅರ್ಧ ವೈದ್ಯರು, ಅರ್ಧ ಹೊರಗಿನವರು. 2013ರಲ್ಲಿ ಅದನ್ನೂ ಇಳಿಸಿ 12 ಮಾಡಿದರು: ಆರು ವೈದ್ಯರು, ಆರು ವೈದ್ಯೇತರರು. ಅರ್ಜಿ ಕರೆದು, ಸಂದರ್ಶಿಸಿ ಆಯ್ಕೆ ಮಾಡುತ್ತಾರೆ. ಆಯ್ಕೆ ಸರಿಯಾಗಿ ನಡೆಯಿತೇ ಎಂದು ನೋಡಲು ಇನ್ನೊಂದು ಸ್ವತಂತ್ರ ಪ್ರಾಧಿಕಾರವಿದೆ. ವಿಚಾರಣೆಯ ಕಡೆಗೂ ಬದಲಾವಣೆ ಬಂತು. ಮೊದಲು ತನಿಖೆ ನಡೆಸುವುದೂ ತೀರ್ಪು ಕೊಡುವುದೂ ಕೌನ್ಸಿಲ್ಲೇ. 2012ರಿಂದ ತೀರ್ಪಿನ ಕೆಲಸಕ್ಕೆ ಪ್ರತ್ಯೇಕ ನ್ಯಾಯಮಂಡಳಿ ಬಂದಿದೆ. ತನಿಖೆ ಮುಗಿದ ದೂರನ್ನು ಮುಂದಕ್ಕೆ ಕಳಿಸಬೇಕೇ ಬೇಡವೇ ಎಂದು ತೂಗುವ ಇಬ್ಬರಲ್ಲಿ ಒಬ್ಬರು ವೈದ್ಯರು, ಇನ್ನೊಬ್ಬರು ವೈದ್ಯೇತರರು. ಈ ಸಣ್ಣ ಏರ್ಪಾಡು ನನಗೆ ಬಹಳ ಇಷ್ಟ. ರೋಗಿಯ ಕಣ್ಣಿನಿಂದ ಕಡತ ಓದುವ ಒಬ್ಬರು ಮೊದಲ ಮೆಟ್ಟಿಲಲ್ಲೇ ಇದ್ದಾರೆ.

ನಮ್ಮಲ್ಲಿ ಬದಲಾವಣೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ರೂಪದಲ್ಲಿ ಬಂತು. ಕಾಯ್ದೆ 2019ರದು, ಜಾರಿಗೆ ಬಂದದ್ದು 2020ರ ಸೆಪ್ಟೆಂಬರ್ 25ರಂದು. ಚುನಾವಣೆ ತೆಗೆದುಹಾಕಿದ್ದನ್ನು ಪ್ರತಿಭಟಿಸಿ ವೈದ್ಯರು ಬೀದಿಗಿಳಿದರು. ಹೊಸ ರಚನೆಯಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಎಂಸಿಐ ಒಂದೇ ಕೈಯಲ್ಲಿ ಹಿಡಿದಿದ್ದ ಕೆಲಸಗಳನ್ನು ನಾಲ್ಕು ಸ್ವಾಯತ್ತ ಮಂಡಳಿಗಳಿಗೆ ಹಂಚಲಾಯಿತು: ಪದವಿ ಶಿಕ್ಷಣಕ್ಕೊಂದು, ಸ್ನಾತಕೋತ್ತರಕ್ಕೊಂದು, ಕಾಲೇಜುಗಳ ಮೌಲ್ಯಮಾಪನಕ್ಕೊಂದು, ನೀತಿ ಮತ್ತು ನೋಂದಣಿಗೊಂದು. ಆಯೋಗ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಧ್ಯಕ್ಷರಿಗೆ ನಾಲ್ಕು ವರ್ಷ, ಎರಡನೇ ಅವಧಿಯಿಲ್ಲ. ಸದಸ್ಯರು ಅಧಿಕಾರಕ್ಕೆ ಬರುವಾಗಲೂ ಬಿಡುವಾಗಲೂ ತಮ್ಮ ಆಸ್ತಿ ಮತ್ತು ಸಾಲ ಘೋಷಿಸಬೇಕು. ತಾವು ವ್ಯವಹರಿಸಿದ ಖಾಸಗಿ ಕಾಲೇಜಿನಲ್ಲಿ ಎರಡು ವರ್ಷ ಕೆಲಸಕ್ಕೆ ಸೇರುವಂತಿಲ್ಲ. ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಬಿ.ಎನ್. ಗಂಗಾಧರ್ ಕೂಡ ಈ ಆಯೋಗದ ಅಧ್ಯಕ್ಷ ಪೀಠದಲ್ಲಿ ಕೂತವರು.

ಆದರೆ 33 ಕುರ್ಚಿಗಳಲ್ಲಿ ಯಾರಿದ್ದಾರೆ ನೋಡಿ. ಅಧ್ಯಕ್ಷರು ಒಬ್ಬರು. ಹುದ್ದೆಯ ಬಲದಿಂದ ಬರುವವರು ಹತ್ತು ಜನ. ಅವರು ಮಂಡಳಿಗಳ ಮುಖ್ಯಸ್ಥರು, ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು, ಐಸಿಎಂಆರ್ ಮುಖ್ಯಸ್ಥರು, ಏಮ್ಸ್‌ನಂಥ ಸಂಸ್ಥೆಗಳ ನಿರ್ದೇಶಕರು, ಆರೋಗ್ಯ ಸಚಿವಾಲಯದ ಪ್ರತಿನಿಧಿ. ರಾಜ್ಯಗಳ ನಾಮನಿರ್ದೇಶಿತರಿಂದ ಸರದಿಯ ಮೇಲೆ ಹತ್ತು, ರಾಜ್ಯ ವೈದ್ಯಕೀಯ ಪರಿಷತ್ತುಗಳ ಕಡೆಯಿಂದ ಒಂಬತ್ತು. ಉಳಿದದ್ದು ಮೂರು. ಆ ಮೂರನ್ನು ಆಡಳಿತ, ಕಾನೂನು, ವೈದ್ಯಕೀಯ ನೈತಿಕತೆ, ಸಂಶೋಧನೆ, ಗ್ರಾಹಕ ಅಥವಾ ರೋಗಿಯ ಹಕ್ಕು, ವಿಜ್ಞಾನ ತಂತ್ರಜ್ಞಾನ, ಅರ್ಥಶಾಸ್ತ್ರ ಇವೆಲ್ಲದರ ತಜ್ಞರು ಹಂಚಿಕೊಳ್ಳಬೇಕು. ರೋಗಿಯ ಪರ ದನಿ ಎತ್ತುವವರು ಒಬ್ಬರೂ ಬರದಿದ್ದರೂ ಕಾಯ್ದೆಗೆ ಭಂಗವಿಲ್ಲ. ಅಧ್ಯಕ್ಷರನ್ನು ಹುಡುಕುವ ಸಮಿತಿಗೆ ಸಂಪುಟ ಕಾರ್ಯದರ್ಶಿಯೇ ಮುಖ್ಯಸ್ಥರು. ನೀತಿಯ ವಿಷಯದಲ್ಲಿ ಕೇಂದ್ರ ಕೊಟ್ಟ ನಿರ್ದೇಶನ ಆಯೋಗಕ್ಕೆ ಕಡ್ಡಾಯ, ಯಾವುದು ನೀತಿ ಎಂದು ತೀರ್ಮಾನಿಸುವುದೂ ಕೇಂದ್ರವೇ. ಬ್ರಿಟನ್ನಿನಂತೆ ನಾವೂ ಮತಪೆಟ್ಟಿಗೆ ತೆಗೆದೆವು. ಅವರು ಆ ಜಾಗದಲ್ಲಿ ಅರ್ಧದಷ್ಟು ಹೊರಗಿನವರನ್ನು ಕೂರಿಸಿದರು. ನಾವು ಸರ್ಕಾರವನ್ನು ಕೂರಿಸಿದೆವು.

ಇದರ ಪರಿಣಾಮ ದೆಹಲಿಯ ಸಭಾಂಗಣಕ್ಕೆ ಸೀಮಿತವಲ್ಲ. ಬಳ್ಳಾರಿಯಲ್ಲೋ ಶಿರಸಿಯಲ್ಲೋ ಒಂದು ಮನೆಯವರು ಆಸ್ಪತ್ರೆಯ ನಿರ್ಲಕ್ಷ್ಯದಿಂದ ತಮ್ಮವರನ್ನು ಕಳೆದುಕೊಂಡರೆಂದುಕೊಳ್ಳಿ. ಅವರು ದೂರು ಕೊಡಬೇಕಾದದ್ದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. 1961ರ ರಾಜ್ಯ ಕಾಯ್ದೆಯಡಿ ಇರುವ ಈ ಪರಿಷತ್ತಿನಲ್ಲಿ ನೋಂದಾಯಿತ ವೈದ್ಯರು ಮತ ಹಾಕಿ ಆರಿಸಿದ ಸದಸ್ಯರೂ ಸರ್ಕಾರ ನೇಮಿಸಿದ ಸದಸ್ಯರೂ ಇರುತ್ತಾರೆ. ವಿಚಾರಣೆ ನಡೆದು, ವೈದ್ಯರದು ತಪ್ಪಿಲ್ಲ ಎಂದು ಪರಿಷತ್ತು ದೂರನ್ನು ವಜಾ ಮಾಡಿತು. ಮುಂದೇನು?

2002ರ ವೈದ್ಯ ನಡತೆ ನಿಯಮಾವಳಿಗೆ ಆಮೇಲೆ ಸೇರಿಸಿದ 8.8ನೇ ಕಲಮು, ರಾಜ್ಯ ಪರಿಷತ್ತಿನ ತೀರ್ಮಾನದಿಂದ ನೊಂದ ಯಾರೇ ಆಗಲಿ 60 ದಿನದೊಳಗೆ ಎಂಸಿಐಗೆ ಮೇಲ್ಮನವಿ ಸಲ್ಲಿಸಬಹುದು ಎಂದಿತ್ತು. ಯಾರೇ ಆಗಲಿ ಎಂದರೆ ರೋಗಿಯೂ ಸೇರಿದ. 2019ರ ಕಾಯ್ದೆಯ 30ನೇ ಕಲಮು ಮೇಲ್ಮನವಿಯ ಹಕ್ಕನ್ನು ಕೊಟ್ಟದ್ದು ನೊಂದ ವೈದ್ಯರಿಗೆ. ಶಿಕ್ಷೆಯಾದ ವೈದ್ಯರು ನೀತಿ ಮಂಡಳಿಗೆ, ಅಲ್ಲಿಂದ ಆಯೋಗಕ್ಕೆ ಹೋಗಬಹುದು. ಸತ್ತವರ ಮಗಳಿಗೆ ಆ ದಾರಿಯನ್ನು ಕಾಯ್ದೆ ಹೇಳುವುದಿಲ್ಲ. ಇದನ್ನೇ ಹಿಡಿದು ಆಯೋಗ ರೋಗಿಗಳ ಕಡೆಯ ಮೇಲ್ಮನವಿಗಳನ್ನು ಹಿಂತಿರುಗಿಸಿದೆ. 33 ಜನರಲ್ಲಿ ಹತ್ತು ಜನ ರೋಗಿಗಳ ಪರವಾಗಿ ಕೂತಿದ್ದರೆ ಈ ವ್ಯತ್ಯಾಸ ಇಷ್ಟು ವರ್ಷ ಸದ್ದಿಲ್ಲದೆ ಉಳಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಬ್ರಿಟನ್ನಿನಲ್ಲಿ ವೈದ್ಯನಿಗೆ ಕೊಟ್ಟ ಶಿಕ್ಷೆ ಜನರ ರಕ್ಷಣೆಗೆ ಸಾಲದು ಎನಿಸಿದರೆ, ಮೇಲೆ ಹೇಳಿದ ಸ್ವತಂತ್ರ ಪ್ರಾಧಿಕಾರವೇ ಹೈಕೋರ್ಟಿಗೆ ಹೋಗಬಹುದು. ಅಲ್ಲಿನ 2002ರ ಕಾಯ್ದೆಯ 29ನೇ ಕಲಮು ಆ ಅಧಿಕಾರ ಕೊಟ್ಟಿದೆ. ನಮ್ಮಲ್ಲಿ ಆ ಮನೆಯವರಿಗೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ, ಇಲ್ಲವೇ ಗ್ರಾಹಕ ಆಯೋಗ. ವೈದ್ಯ ಸೇವೆಯೂ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸಾವಿರಾರು ಜನ ಆ ಬಾಗಿಲು ತಟ್ಟಿದ್ದಾರೆ. ಗ್ರಾಹಕ ಆಯೋಗ ಪರಿಹಾರ ಕೊಡಿಸಬಲ್ಲದು. ತಪ್ಪು ಮಾಡಿದ ವೈದ್ಯ ನಾಳೆ ಮತ್ತೆ ಆಪರೇಷನ್ ಥಿಯೇಟರಿಗೆ ಹೋಗದಂತೆ ತಡೆಯುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರ ಇರುವುದು ನೋಂದಣಿ ಪುಸ್ತಕ ಹಿಡಿದವರ ಕೈಯಲ್ಲಿ ಮಾತ್ರ. ಅವರ ಮುಂದೆ ಎರಡನೇ ಬಾರಿ ನಿಲ್ಲುವ ಹಕ್ಕನ್ನು ರೋಗಿಗೆ ಮರಳಿಸಲು ಸಂಸತ್ತು 30ನೇ ಕಲಮಿಗೆ ಒಂದು ಸಾಲು ಸೇರಿಸಿದರೆ ಸಾಕು.