ನೀರು ಕುಡಿದ ಗೋಡೆ: ಹಳೆಯ ಮನೆಯನ್ನು ಒಣಗಿಸುವ ಕ್ರಮ

ಮನೆಯೊಳಗೆ ನುಗ್ಗಿದ ನೆರೆಯ ನೀರು ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ. ಗೋಡೆ ಕುಡಿದ ನೀರು ಅಷ್ಟು ಬೇಗ ಹೊರಬರುವುದಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣದೊಳಗೆ ಹರಿದುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಬೆಳಗಾವಿ, ಹುಬ್ಬಳ್ಳಿ, ಧಾರವಾಡದಂಥ ನಗರಗಳ ಹಳೆಯ ಓಣಿಗಳಲ್ಲಿ ನದಿಯೇ ಬರಬೇಕೆಂದಿಲ್ಲ. ಜೋರು ಮಳೆಗೆ ಗಟಾರ ತುಂಬಿದರೂ ಸಾಕು, ನೀರು ಪಡಸಾಲೆಗೆ ಬರುತ್ತದೆ. ಅನಂತರ ಹಬ್ಬ ಸಮೀಪಿಸಿತೆಂದು ಒದ್ದೆ ಗೋಡೆಗೆ ಸಿಮೆಂಟ್ ಮೆತ್ತಿಸಿ, ಬಣ್ಣ ಬಳಿಸಿ, ಮನೆ ಸರಿಹೋಯಿತೆಂದು ಭಾವಿಸುವುದು ವಾಡಿಕೆ. ಆರೋಗ್ಯದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ತಪ್ಪು ಬೇರೊಂದಿಲ್ಲ.

ತೇವದಿಂದ ಬರುವ ರೋಗಗಳು

ಒದ್ದೆಯಾದ ವಸ್ತುವು ಒಂದೆರಡು ದಿನಗಳಲ್ಲಿ ಒಣಗದಿದ್ದರೆ ಅದರ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ಅದರ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲಿ ಶ್ವಾಸಕೋಶವನ್ನು ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ, ಕೆಮ್ಮು ಹಾಗೂ ಉಸಿರಾಟದ ಸೋಂಕುಗಳು ಹೆಚ್ಚೆಂದು ಹೇಳಿದೆ. ಮಕ್ಕಳು, ವೃದ್ಧರು, ಮೊದಲೇ ಉಬ್ಬಸವಿರುವವರು ಇದರಿಂದ ಹೆಚ್ಚು ಬಳಲುತ್ತಾರೆ. ಗಟಾರದ ನೀರು ಹೊಕ್ಕಿದ್ದರೆ ವಾಂತಿಭೇದಿಯ ಜೊತೆಗೆ ಇಲಿಜ್ವರದ ಭಯವೂ ಇದೆ. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣುಗಳು ಕಾಲಿನ ಗಾಯದ ಮೂಲಕ ದೇಹವನ್ನು ಪ್ರವೇಶಿಸುತ್ತವೆ.

ಮೊದಲ ಎಚ್ಚರಿಕೆಗಳು

ಹಳೆಯ ಮನೆಗಳ ಕಲ್ಲಿನ ಗೋಡೆಗಳನ್ನು ಬಹುಮಟ್ಟಿಗೆ ಮಣ್ಣಿನ ಇಲ್ಲವೆ ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ನೆನೆದ ಮಣ್ಣು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಆದಕಾರಣ ನೀರು ಇಳಿದ ಮೇಲೆಯೂ ಗೋಡೆ ಕುಸಿಯುವುದುಂಟು. ಗೋಡೆ ಉಬ್ಬಿದ್ದರೆ, ಹೊಸ ಬಿರುಕು ಕಂಡರೆ, ತೊಲೆಯ ತುದಿ ಗೋಡೆಯಿಂದ ಸರಿದಿದ್ದರೆ, ಮಾಳಿಗೆಯ ಮಣ್ಣು ನೆನೆದು ಜಂತೆಗಳು ಬಾಗಿದ್ದರೆ, ಬಲ್ಲವರು ಪರೀಕ್ಷಿಸುವವರೆಗೆ ಒಳಗೆ ಮಲಗಬಾರದು. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ನೀರಿನಲ್ಲಿ ನಿಂತು ಮುಟ್ಟಕೂಡದು. ತಂತಿಗಳನ್ನು ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ದೀಪ ಹಾಕಬೇಕು.

ಶುಚಿ ಮಾಡುವಾಗ ಗಟ್ಟಿ ಬೂಟು, ಕೈಗವಸು ಧರಿಸಬೇಕು. ಕೆಸರನ್ನು ಅದು ಒಣಗುವ ಮುನ್ನವೇ ತೆಗೆದು, ನೆಲವನ್ನು ಸಾಬೂನು ನೀರಿನಿಂದ ತೊಳೆದು, ಬಳಿಕ ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಒರೆಸಬೇಕು. ಬ್ಲೀಚಿಂಗ್ ಪುಡಿಯನ್ನು ಪಾಯಿಖಾನೆ ತೊಳೆಯುವ ಆಸಿಡ್‌ನೊಡನೆ ಎಂದಿಗೂ ಬೆರೆಸಬಾರದು. ಅದರಿಂದ ವಿಷಾನಿಲ ಏಳುತ್ತದೆ. ಕೊಳಚೆ ನೀರು ಕುಡಿದ ಹತ್ತಿಯ ಗಾದಿ, ದಿಂಬುಗಳನ್ನು ತ್ಯಜಿಸುವುದೇ ಲೇಸು. ಕೌದಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬಹುದು. ಬೂಷ್ಟು ಹಿಡಿದ ಜೋಳ, ಶೇಂಗಾಗಳನ್ನು ತೊಳೆದು ಒಣಗಿಸಿದರೂ ಅವುಗಳಲ್ಲಿನ ವಿಷ ಹೋಗದು. ಅವನ್ನು ದನಕರುಗಳಿಗೂ ಹಾಕಬಾರದು.

ಗೋಡೆಯನ್ನು ಒಣಗಿಸುವ ಬಗೆ

ಗೋಡೆಯು ತಿಂಗಳಿಗೆ ಸುಮಾರು ಒಂದು ಅಂಗುಲದಷ್ಟು ಒಣಗುತ್ತದೆಂಬುದು ಕಟ್ಟಡ ಬಲ್ಲವರ ಸ್ಥೂಲ ಲೆಕ್ಕ. ಎರಡು ಅಡಿ ದಪ್ಪದ ಗೋಡೆ ಪೂರ್ಣವಾಗಿ ಒಣಗಲು ಒಂದೆರಡು ಬೇಸಿಗೆ ಕಳೆಯಬೇಕಾದೀತು. ಇಲ್ಲಿ ತಾಳ್ಮೆಯೇ ಔಷಧ. ಕಪಾಟು, ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಅಡಿಯಾದರೂ ದೂರ ಸರಿಸಬೇಕು. ಮಳೆ ಬಿಟ್ಟ ಹೊತ್ತಿನಲ್ಲಿ ಎದುರುಬದುರು ಕಿಟಕಿಗಳನ್ನು ತೆರೆದು, ಒಳಗಿನ ಗಾಳಿ ಹೊರಹೋಗುವಂತೆ ಫ್ಯಾನನ್ನು ಕಿಟಕಿಯ ಕಡೆಗೆ ತಿರುಗಿಸಿ ಇಡಬೇಕು. ಬೂಷ್ಟು ಬೆಳೆದ ಗೋಡೆಯತ್ತ ಮಾತ್ರ ಫ್ಯಾನ್ ತಿರುಗಿಸಬಾರದು, ಕಣಗಳು ಮನೆಯೆಲ್ಲ ಹರಡುತ್ತವೆ. ಬಾಗಿಲು ಮುಚ್ಚಿ ಇದ್ದಿಲ ಶೇಗಡಿಯಿಟ್ಟು ಕೋಣೆಯನ್ನು ಒಣಗಿಸುವ ಯತ್ನ ಪ್ರಾಣಾಂತಿಕ. ವಾಸನೆಯಿಲ್ಲದ ವಿಷಾನಿಲವು ಮಲಗಿದವರನ್ನು ಎಚ್ಚರಗೊಳಿಸದೆ ಕೊಲ್ಲುತ್ತದೆ.

ಅಲ್ಪಸ್ವಲ್ಪ ಬೂಷ್ಟನ್ನು ಎನ್-95 ಮುಖಗವಸು ಧರಿಸಿ, ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ತೆಗೆಯಬಹುದು. ಒಣಗಿದ ಬೂಷ್ಟನ್ನು ಹಾಗೆಯೇ ಕೆರೆಯಬಾರದು. ಉಬ್ಬಸವಿರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಗೋಡೆಯ ಮೇಲೆ ಬಿಳಿಯ ಉಪ್ಪಿನ ಪುಡಿ ಎದ್ದರೆ ಒಣ ಬ್ರಷ್‌ನಿಂದ ತೆಗೆಯಬೇಕು. ನೀರಿನಿಂದ ತೊಳೆದರೆ ಉಪ್ಪು ಕರಗಿ ಮರಳಿ ಗೋಡೆಯನ್ನೇ ಸೇರುತ್ತದೆ.

ಗಿಲಾವಿಗೆ ಮುನ್ನ

ಸುಣ್ಣದ ಗಿಲಾವು ಆವಿಯನ್ನು ಹೊರಬಿಡುತ್ತದೆ. ಸಿಮೆಂಟ್ ಮತ್ತು ಎಣ್ಣೆಬಣ್ಣಗಳು ಅದನ್ನು ತಡೆಯುತ್ತವೆ. ಆಗ ನೀರು ಗೋಡೆಯೊಳಗೇ ಮೇಲೇರಿ, ಗಾರೆಯನ್ನು ಸಡಿಲಿಸಿ, ತೊಲೆಯ ತುದಿಗಳನ್ನು ಕೊಳೆಸುತ್ತದೆ. ಆದ್ದರಿಂದ ಹಳೆಯ ಗೋಡೆಗೆ ಸುಣ್ಣದ ಗಿಲಾವೂ ಸುಣ್ಣದ ಬಳಿತವೂ ಉಚಿತ. ಸುಣ್ಣದ ಕ್ಷಾರಗುಣವು ಬೂಷ್ಟಿನ ಬೆಳವಣಿಗೆಯನ್ನೂ ತಡೆಯುತ್ತದೆ. ಗೋಡೆ ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಸಮೀಪ ನಾಲ್ಕೂ ಅಂಚು ಬಿಗಿಯಾಗುವಂತೆ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿರಿ. ಹಾಳೆಯ ಒಳಮೈಯಲ್ಲಿ ಹನಿಗಳು ಕಂಡರೆ ಇನ್ನೂ ಕಾಯಬೇಕು.

ನೀರು ಬಂದ ದಾರಿಯನ್ನೂ ಹುಡುಕಬೇಕು. ಹಳೆಯ ಓಣಿಗಳಲ್ಲಿ ರಸ್ತೆಯ ಮೇಲೆ ರಸ್ತೆ ಹಾಕಿ ಮನೆಯ ನೆಲವೇ ತಗ್ಗಾಗಿರುವುದುಂಟು. ಇಂಥಲ್ಲಿ ಗಟಾರದ ಹೂಳು ತೆಗೆಯಿಸದೆ ಗೋಡೆಗೆ ಎಷ್ಟು ಖರ್ಚು ಮಾಡಿದರೂ ವ್ಯರ್ಥ.

ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭ

ನೆರೆಯ ನೀರಿನಲ್ಲಿ ಓಡಾಡಿದ ಕೆಲವು ವಾರಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅಥವಾ ಹಳದಿಯಾಗುವುದು ಕಂಡರೆ ಒಡನೆ ವೈದ್ಯರಿಗೆ ತೋರಿಸಬೇಕು; ನೀರಿನಲ್ಲಿ ನಡೆದ ಸಂಗತಿಯನ್ನು ಮರೆಯದೆ ಹೇಳಬೇಕು. ಮನೆಯಲ್ಲಿದ್ದಾಗ ಹೆಚ್ಚಾಗಿ, ಹೊರಗೆ ಹೋದಾಗ ಕಡಿಮೆಯಾಗುವ ಕೆಮ್ಮನ್ನು ಬರೀ ನೆಗಡಿಯೆಂದು ಉಪೇಕ್ಷಿಸಬಾರದು.

ಓಣಿಯ ಮನೆಗಳಲ್ಲಿ ಒಂದೇ ಗೋಡೆಯನ್ನು ಇಬ್ಬರು ಹಂಚಿಕೊಂಡಿರುತ್ತಾರೆ. ಒಂದು ಬದಿಯಲ್ಲಿ ತೇವ ಉಳಿದರೆ ಇನ್ನೊಂದು ಬದಿ ಒಣಗದು. ನೆರೆಹೊರೆಯವರು ಕೂಡಿ ಈ ಕಾರ್ಯವನ್ನು ಕೈಗೊಂಡರೆ ಇಬ್ಬರ ಮನೆಯೂ ಉಳಿಯುತ್ತದೆ, ಇಬ್ಬರ ಮನೆಯ ಮಕ್ಕಳೂ ಆರೋಗ್ಯದಿಂದಿರುತ್ತಾರೆ.