ಕೆಲಸ ನಿಲ್ಲಿಸಿದ ಸಿಲಿಂಡರು ಯಾವುದು?

ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರು ಎಳೆತ ಕಳೆದುಕೊಂಡು, ನಿಂತಲ್ಲೇ ನಡುಗಿ, ಹೊಗೆಕೊಳವೆಯಿಂದ ತಾಳ ತಪ್ಪಿದ ಸದ್ದು ಹೊರಡಿಸುವುದುಂಟು. ಇದನ್ನೇ ಚಾಲಕರು 'ಮಿಸ್ಸಿಂಗ್' ಎನ್ನುತ್ತಾರೆ. ಯಾವುದೋ ಒಂದು ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲವೆಂದು ಇದರ ಅರ್ಥ. ಇಷ್ಟಕ್ಕೇ ಗಾಬರಿಯಾಗಿ ಇಂಜಿನ್ನು ಬಿಚ್ಚಿಸಿ ಪಿಸ್ಟನ್ನು, ರಿಂಗು ಹಾಕಿಸುವವರಿದ್ದಾರೆ. ದೋಷವಿದ್ದುದು ಇಂಜೆಕ್ಟರಿನಲ್ಲಿ ಎಂದು ಆಮೇಲೆ ತಿಳಿದರೆ ಹಣವೂ ಹೋಯಿತು, ಹದವೂ ತಪ್ಪಿತು. ದೋಷ ಎಲ್ಲಿದೆ ಎಂಬುದನ್ನು ಮನೆಯಂಗಳದಲ್ಲೇ ಬಹುಮಟ್ಟಿಗೆ ಪತ್ತೆಮಾಡಬಹುದು.

ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ. ಪಿಸ್ಟನ್ನು ಗಾಳಿಯನ್ನು ಮೂಲ ಗಾತ್ರದ ಸುಮಾರು ಹದಿನೇಳನೆಯ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಕಾಯುತ್ತದೆ. ಆಗ ಇಂಜೆಕ್ಟರು ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಸಿಲಿಂಡರು ಸುಮ್ಮನಾದರೆ ಒಂದೋ ಡೀಸೆಲ್ ಸರಿಯಾಗಿ ಬೀಳುತ್ತಿಲ್ಲ, ಇಲ್ಲವೆ ಗಾಳಿಯ ಒತ್ತಡ ಸಾಲದು. ಫಿಲ್ಟರು ಕಟ್ಟಿದ್ದರೆ, ಟ್ಯಾಂಕಿಗೆ ನೀರು ಸೇರಿದ್ದರೆ ಸಾಮಾನ್ಯವಾಗಿ ಎಲ್ಲ ಸಿಲಿಂಡರುಗಳೂ ತೊಂದರೆಗೊಳಗಾಗುತ್ತವೆ. ಒಂದೇ ಸಿಲಿಂಡರು ಕೆಟ್ಟಿದ್ದರೆ ದೋಷ ಹೆಚ್ಚಾಗಿ ಪಂಪಿನಿಂದ ಈಚೆಗೆ ಇರುತ್ತದೆ. ಹಾಗಿದ್ದರೂ ಫಿಲ್ಟರಿನ ತಳದ ನೀರು ಬಿಟ್ಟು, ಗಾಳಿ ತೆಗೆದು ನೋಡಿಯೇ ಮುಂದುವರಿಯಬೇಕು.

ಹೊಗೆ ಕೆಲಮಟ್ಟಿಗೆ ದಾರಿ ತೋರಿಸುತ್ತದೆ. ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಬೀಳುತ್ತಿದೆ, ಉರಿಯುತ್ತಿಲ್ಲ. ಕಪ್ಪು ಹೊಗೆಯಾದರೆ ಇಂಜೆಕ್ಟರು ಸಿಂಪಡಿಸದೆ ತೊಟ್ಟಿಕ್ಕುತ್ತಿರಬಹುದು. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಆದರೆ ಹೊಗೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು.

ಪತ್ತೆ ಮಾಡುವ ಬಗೆ

ಟ್ರ್ಯಾಕ್ಟರನ್ನು ಬಯಲಿನಲ್ಲಿ ನಿಲ್ಲಿಸಿ, ಗೇರು ಮತ್ತು ಪಿ.ಟಿ.ಓ. ಬಿಡಿಸಿ, ಬ್ರೇಕು ಕಚ್ಚಿಸಬೇಕು. ತಣ್ಣಗಿರುವ ಇಂಜಿನ್ನನ್ನು ಚಾಲೂ ಮಾಡಿದ ಒಂದೆರಡು ನಿಮಿಷದಲ್ಲಿ, ಪ್ರತಿಯೊಂದು ಸಿಲಿಂಡರಿನಿಂದ ಹೊಗೆ ಹೊರಬರುವ ಕವಲಿನ ಮೇಲೆ ಬೆರಳಿನಿಂದ ಎರಡು ಹನಿ ನೀರು ಚಿಮುಕಿಸಬೇಕು. ಕೆಲಸ ಮಾಡುವ ಸಿಲಿಂಡರಿನ ಕವಲಿನಲ್ಲಿ ಹನಿ ಬೇಗ ಆರುತ್ತದೆ. ಸುಮ್ಮನಿರುವುದರಲ್ಲಿ ಹಾಗೆಯೇ ನಿಲ್ಲುತ್ತದೆ. ಚೊಂಬಿನಿಂದ ನೀರು ಸುರಿದರೆ ಬೀಡು ಸೀಳೀತು.

ಖಾತ್ರಿಯಾಗಿ ತಿಳಿಯಲು ಇನ್ನೊಂದು ಪರೀಕ್ಷೆಯಿದೆ. ಅದು ಹಳೆಯ ಮಾದರಿಯ ಪಂಪುಳ್ಳ ಇಂಜಿನ್ನುಗಳಿಗೆ ಮಾತ್ರ. 50 ಅಶ್ವಶಕ್ತಿಗೆ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಮ ಬಂದ ಮೇಲೆ ಕಾಮನ್ ರೇಲ್ ಪದ್ಧತಿ ಹೆಚ್ಚಾಗಿದೆ. ಅವುಗಳ ಕೊಳವೆಯಲ್ಲಿ ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೀರಿದ ಒತ್ತಡವಿರಬಹುದು. ಅಂಥ ಇಂಜಿನ್ನಿನ ನಟ್ಟನ್ನು ಚಾಲೂ ಇರುವಾಗ ಮುಟ್ಟಲೇಬಾರದು. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಬಳಿಗೆ ಹೋಗತಕ್ಕದ್ದು. ಯಾವ ಪದ್ಧತಿಯೆಂದು ತಿಳಿಯದಿದ್ದರೂ ಇದೇ ಮಾತು.

ಹಳೆಯ ಪದ್ಧತಿಯದಾದರೆ ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡು, ನಟ್ಟಿನ ಸುತ್ತ ಬಟ್ಟೆ ಸುತ್ತಿ, ಇಂಜಿನ್ನು ನಿಧಾನಗತಿಯಲ್ಲಿ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರಿನ ಕೊಳವೆಯ ನಟ್ಟನ್ನು ಅರ್ಧ ಸುತ್ತು ಸಡಿಲಿಸಬೇಕು. ಸದ್ದು ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರು ಸರಿಯಾಗಿಯೇ ಇತ್ತು. ಮತ್ತೆ ಬಿಗಿದು ಮುಂದಿನದಕ್ಕೆ ಹೋಗಬೇಕು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ಇಲ್ಲಿ ಮುಖ, ಕೈ ದೂರವಿರಲಿ. ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ, ನೋವಿಲ್ಲದಿದ್ದರೂ, ತಡಮಾಡದೆ ಆಸ್ಪತ್ರೆಗೆ ಹೋಗಿ ಹೇಗಾಯಿತೆಂದು ವೈದ್ಯರಿಗೆ ತಿಳಿಸಬೇಕು. ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಇಂಜೆಕ್ಟರು ಅದಲುಬದಲು

ಸಿಲಿಂಡರು ಗೊತ್ತಾದ ಮೇಲೆ ಕಾರಣ ಹುಡುಕಬೇಕು. ಇಂಜಿನ್ನು ನಿಲ್ಲಿಸಿ ತಣ್ಣಗಾದ ನಂತರ ಆ ಸಿಲಿಂಡರಿನ ಇಂಜೆಕ್ಟರನ್ನು ಪಕ್ಕದ್ದರೊಂದಿಗೆ ಬದಲಾಯಿಸಿ ಕೂರಿಸಬೇಕು. ಧೂಳು ಬೀಳಬಾರದು, ತಾಮ್ರದ ವಾಷರು ಹೊಸದಿರಬೇಕು. ಮಿಸ್ಸಿಂಗು ಇಂಜೆಕ್ಟರಿನ ಜೊತೆಯಲ್ಲೇ ಪಕ್ಕದ ಸಿಲಿಂಡರಿಗೆ ಹೋದರೆ ಇಂಜೆಕ್ಟರೇ ಕೆಟ್ಟಿದೆ. ಪಂಪಿನ ಕೆಲಸದವರ ಬಳಿ ಪರೀಕ್ಷಿಸಿ ನಾಜಲ್ ಬದಲಾಯಿಸಿದರೆ ಕೆಲಸ ಮುಗಿಯಿತು.

ಮಿಸ್ಸಿಂಗು ಇದ್ದಲ್ಲೇ ಉಳಿದರೆ, ಸಡಿಲಿಸಿದ ನಟ್ಟಿನಲ್ಲಿ ಡೀಸೆಲ್ ಚೆನ್ನಾಗಿ ಬಂದಿತ್ತೇ ಎಂಬುದನ್ನು ನೆನೆಯಬೇಕು. ಬಂದಿರದಿದ್ದರೆ ಪಂಪು ಅಥವಾ ಕೊಳವೆಯ ದೋಷ. ಬಂದಿದ್ದರೆ ಒತ್ತಡದ ಕೊರತೆ. ಆಗ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟ್ಯಾಪೆಟ್ ಸಂದು ಸರಿಯಿದೆಯೇ ಎಂದು ಮೊದಲು ನೋಡಿಸಬೇಕು. ಬೆಳಿಗ್ಗೆ ಮಿಸ್ಸಾಗಿ ಕಾದ ಮೇಲೆ ಸರಿಹೋಗುವ ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಿರುವ ಸಂಭವವೇ ಹೆಚ್ಚು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸುಮ್ಮನಾಗಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಇಂಜಿನ್ನು ಬಿಚ್ಚುವ ಮಾತು ಇಷ್ಟೆಲ್ಲ ನೋಡಿದ ನಂತರ.

ಪೆಟ್ರೋಲ್ ಕಾರಿನಲ್ಲಿಯೂ ಅದಲುಬದಲಿನ ಉಪಾಯ ನಡೆಯುತ್ತದೆ. ಅಲ್ಲಿ ಬದಲಾಯಿಸುವುದು ಸ್ಪಾರ್ಕ್ ಪ್ಲಗ್ಗನ್ನು, ಇಲ್ಲವೆ ಪ್ಲಗ್ಗಿನ ಮೇಲೆ ಕೂರುವ ಕಾಯಿಲನ್ನು. ಸ್ಕ್ಯಾನರಿನಲ್ಲಿ ಪಿ 0301 ಎಂದು ಬಂದರೆ ಒಂದನೆಯ ಸಿಲಿಂಡರು, ಪಿ 0302 ಎಂದರೆ ಎರಡನೆಯದು. ಓಡುವ ಇಂಜಿನ್ನಿನಿಂದ ಪ್ಲಗ್ಗಿನ ವೈರು ಕೀಳುವ ಹಳೆಯ ರೂಢಿ ಈಗಿನ ಕಾರುಗಳಿಗೆ ಸಲ್ಲದು.

ಮಿಸ್ಸಾಗುತ್ತಿರುವ ಟ್ರ್ಯಾಕ್ಟರಿನಲ್ಲಿ ಉಳುಮೆ ಮುಂದುವರಿಸಬಾರದು. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು ಇಂಜಿನ್ ಆಯಿಲಿಗೆ ಸೇರುತ್ತದೆ. ತೆಳುವಾದ ಆಯಿಲಿನಲ್ಲಿ ಬೇರಿಂಗುಗಳು ಸವೆಯುತ್ತವೆ. ಆದುದರಿಂದ ದುರಸ್ತಿ ಮುಗಿದ ಮೇಲೆ ಅಳತೆ ಕಡ್ಡಿ ತೆಗೆದು ನೋಡಬೇಕು. ಆಯಿಲಿನ ಮಟ್ಟ ಏರಿದ್ದರೆ ಅಥವಾ ಡೀಸೆಲ್ ವಾಸನೆ ಬಂದರೆ, ಬದಲಾಯಿಸುವ ಗಂಟೆ ಇನ್ನೂ ಬಾಕಿಯಿದ್ದರೂ ಆಯಿಲ್ ಮತ್ತು ಅದರ ಫಿಲ್ಟರನ್ನು ಬದಲಾಯಿಸಿಯೇ ಹೊಲಕ್ಕೆ ಇಳಿಸಬೇಕು.